ಮೋಟಾರು ವಿಮೆಯ ಕಂತು: ಭಾರ ಯಾರದು, ಹೊಣೆ ಯಾರದು?

ಮೋಟಾರು ಗಾಡಿಯನ್ನಿಟ್ಟುಕೊಂಡ ಗೃಹಸ್ಥನಿಗೆ ವರ್ಷಕ್ಕೊಮ್ಮೆ ಬರುವ ವಿಮೆಯ ಲೆಕ್ಕಪತ್ರವು ಸಂತೋಷವನ್ನುಂಟುಮಾಡುವ ವಸ್ತುವಲ್ಲ. ಗಾಡಿಯು ಹಳೆಯದಾಗುತ್ತ ಹೋಗುತ್ತದೆ, ಅದರ ಬೆಲೆ ಇಳಿಯುತ್ತದೆ; ಆದರೆ ಕಂತು ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲವೆಂಬುದು ಎಲ್ಲೆಡೆಯೂ ಕೇಳಿಬರುವ ದೂರು. ಜಿ.ಎಸ್.ಟಿ. ಮಂಡಳಿಯ ನಿರ್ಣಯದಂತೆ 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವವಿಮೆ ಮತ್ತು ಆರೋಗ್ಯವಿಮೆಗಳ ಮೇಲಿನ ತೆರಿಗೆಯು ಪೂರ್ತಿಯಾಗಿ ರದ್ದಾಯಿತು. ಸ್ವಂತ ಕಾರಿನ ವಿಮೆಯ ಮೇಲಿನ ಶೇಕಡಾ 18ರ ತೆರಿಗೆಯು ಮಾತ್ರ ಹಾಗೆಯೇ ಉಳಿಯಿತು. ಇದರಿಂದ ಆ ದೂರಿಗೆ ಇನ್ನಷ್ಟು ಬಲ ಬಂದಿರುವುದು ಸಹಜವೇ ಆಗಿದೆ. ಆದರೆ ದೂರುವುದು ಬೇರೆ, ಕಾರಣವನ್ನು ತಿಳಿದು ದೂರುವುದು ಬೇರೆ. ಈ ಕಂತು ಯಾವ ಯಾವ ಕಾರಣಗಳಿಂದ ಏರುತ್ತದೆ, ಅದರಲ್ಲಿ ನ್ಯಾಯವಾದುದೆಷ್ಟು, ಅನ್ಯಾಯವಾದುದೆಷ್ಟು, ಒಡೆಯನ ಕೈಯಲ್ಲಿರುವುದೆಷ್ಟು, ಸರಕಾರದ ಕೈಯಲ್ಲಿರುವುದೆಷ್ಟು ಎಂಬುದನ್ನು ಇಲ್ಲಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಈ ಕಟ್ಟಳೆಯ ಹುಟ್ಟನ್ನು ನೆನೆಯಬೇಕು. ಮೋಟಾರಿನ ಒಡೆಯನು ಇತರರ ಪ್ರಾಣಕ್ಕಾಗಿ ವಿಮೆಯನ್ನು ಮಾಡಿಸಲೇಬೇಕೆಂಬ ನಿರ್ಬಂಧವು ಬ್ರಿಟನ್ನಿನಲ್ಲಿ 1930ರ ಕಾಯದೆಯಿಂದ ಬಂದಿತು. ನಮ್ಮಲ್ಲಿ 1939ರ ಮೋಟಾರು ವಾಹನಗಳ ಕಾಯದೆಯ ಎಂಟನೆಯ ಅಧ್ಯಾಯವು ಅದನ್ನು ವಿಧಿಸಿತಾದರೂ ಆ ಅಧ್ಯಾಯವು ಜಾರಿಗೆ ಬಂದುದು 1946ರ ಜುಲೈ 1ರಂದು. ಇಂದು ನಡೆಯುತ್ತಿರುವುದು 1988ರ ಕಾಯದೆ. ಅದರ 146ನೆಯ ಕಲಮಿನ ಮೇರೆಗೆ ವಿಮೆಯಿಲ್ಲದ ಗಾಡಿಯು ಸಾರ್ವಜನಿಕ ಸ್ಥಳದಲ್ಲಿ ಓಡಕೂಡದು. ಈ ನಿರ್ಬಂಧವು ಗಾಡಿಯ ಒಡೆಯನ ಹಿತಕ್ಕಾಗಿ ಹುಟ್ಟಿದುದಲ್ಲ. ಬೀದಿಯಲ್ಲಿ ನಡೆದು ಹೋಗುವವನ, ಸೈಕಲ್ಲಿನವನ, ಬಂಡಿಯವನ ಹೆಂಡತಿ ಮಕ್ಕಳ ಹಿತಕ್ಕಾಗಿ ಹುಟ್ಟಿದುದು. ಬಡವನೊಬ್ಬನು ಗಾಡಿಯ ಕೆಳಗೆ ಸಿಕ್ಕಿ ಸತ್ತಾಗ ಒಡೆಯನು ದಿವಾಳಿಯಾಗಿರಲಿ, ತಪ್ಪಿಸಿಕೊಳ್ಳಲಿ, ಆ ಸಂಸಾರಕ್ಕೆ ಅನ್ನವು ತಪ್ಪಬಾರದೆಂಬುದೇ ಇದರ ತಿರುಳು. ಕಂತಿನ ಚರ್ಚೆಯಲ್ಲಿ ಈ ಮಾತನ್ನು ಮರೆತವರು ಅರ್ಧ ವಿಷಯವನ್ನೇ ಮರೆತಂತೆ.

ಆದುದರಿಂದ ಒಂದೇ ಕಾಗದದಲ್ಲಿ ಬರುವ ಕಂತು ನಿಜವಾಗಿ ಎರಡು ಕಂತುಗಳ ಕೂಟವಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಒಂದನೆಯದು ಥರ್ಡ್ ಪಾರ್ಟಿ ಎಂದು ರೂಢಿಯಲ್ಲಿರುವ ಮೂರನೆಯವರ ವಿಮೆ. ಇದು ಕಡ್ಡಾಯ, ಇದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ಎರಡನೆಯದು ಸ್ವಂತ ಗಾಡಿಯ ನಷ್ಟದ ವಿಮೆ. ಇದು ಐಚ್ಛಿಕ, ಇದರ ದರವನ್ನು 2007ರ ಜನವರಿ 1ರಿಂದ ಕಂಪನಿಗಳೇ ತಮ್ಮ ತಮ್ಮ ಲೆಕ್ಕಾಚಾರದಂತೆ ಹಾಕುತ್ತವೆ. ಇವೆರಡರ ಏರಿಳಿತದ ಕಾರಣಗಳು ಬೇರೆ ಬೇರೆ. ಎರಡನ್ನೂ ಕಲಸಿ ಮಾತನಾಡುವುದರಿಂದಲೇ ಈ ವಿಷಯದ ಗೊಂದಲವೆಲ್ಲ ಉಂಟಾಗಿದೆ.

ಮೂರನೆಯವರ ವಿಮೆಯ ದರವು 2022ರ ಜೂನ್ 1ರಿಂದ ಜಾರಿಗೆ ಬಂದ ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಟಣೆಯಂತೆ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟುದಕ್ಕೆ 7,897 ರೂ. ಎಂದು ಗೊತ್ತಾಯಿತು. ವಿದ್ಯುತ್ತಿನಿಂದ ಓಡುವ ಗಾಡಿಗಳಿಗೆ ಶೇಕಡಾ 15ರ ರಿಯಾಯತಿಯೂ ದೊರೆಯಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರನ್ನು ಕೊಳ್ಳುವವರು ಮೂರು ವರ್ಷಗಳ ಈ ಕಂತನ್ನು ಒಮ್ಮೆಲೇ ತೆರಬೇಕಾಯಿತು. ಹೊಸ ಗಾಡಿಯ ಮೊದಲ ಲೆಕ್ಕಪತ್ರವನ್ನು ಕಂಡು ಬೆಚ್ಚುವವರು ಈ ಕಾರಣವನ್ನು ತಿಳಿದಿದ್ದರೆ ಬೆಚ್ಚಲಾರರು.

ಇನ್ನು ಈ ಹಣವು ಹೋಗುವುದೆಲ್ಲಿಗೆ? ಒಂದು ಲೆಕ್ಕವನ್ನು ಮಾಡಿ ನೋಡೋಣ. ತಿಂಗಳಿಗೆ 20,000 ರೂ. ದುಡಿಯುತ್ತಿದ್ದ, ಮೂವತ್ತು ವರ್ಷ ವಯಸ್ಸಿನ, ಸ್ವಂತ ಕಸಬಿನವನೊಬ್ಬನು ತಾಯಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಬಿಟ್ಟು ಅಪಘಾತದಲ್ಲಿ ಮಡಿದನೆನ್ನಿರಿ. ಸರ್ವೋಚ್ಚ ನ್ಯಾಯಾಲಯವು 2009ರ ಸರಳಾ ವರ್ಮಾ ಮೊಕದ್ದಮೆಯಲ್ಲಿಯೂ 2017ರ ಪ್ರಣಯ್ ಸೇಠಿ ಮೊಕದ್ದಮೆಯಲ್ಲಿಯೂ ಹಾಕಿಕೊಟ್ಟ ಕ್ರಮದಂತೆ, ಅವನ ಮುಂದಿನ ಏಳಿಗೆಗೆಂದು ಶೇಕಡಾ 40ನ್ನು ಕೂಡಿಸಿದರೆ ಆದಾಯವು 28,000 ರೂ. ಆಗುತ್ತದೆ, ಅವನ ಸ್ವಂತ ಖರ್ಚಿಗೆಂದು ಕಾಲು ಭಾಗವನ್ನು ಕಳೆದರೆ 21,000 ರೂ. ಉಳಿಯುತ್ತದೆ, ವರ್ಷಕ್ಕೆ 2,52,000 ರೂ. ಆದ ಇದನ್ನು ಆ ವಯಸ್ಸಿಗೆ ಗೊತ್ತಾದ 17ರಿಂದ ಗುಣಿಸಿದರೆ 42,84,000 ರೂ. ಆಗುತ್ತದೆ. ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ. ಈ ಒಂದು ಸಾವಿನ ಪರಿಹಾರಕ್ಕೆ 3,416 ರೂ. ತೆರುವ ಸಾವಿರದ ಇನ್ನೂರ ಐವತ್ತಕ್ಕೂ ಹೆಚ್ಚು ಕಾರುಗಳ ಇಡೀ ವರ್ಷದ ಕಂತು ಬೇಕಾಗುತ್ತದೆ. ಕಾಯದೆಯ ಪ್ರಕಾರ ಮರಣಕ್ಕಾಗಲಿ ಗಾಯಕ್ಕಾಗಲಿ ಕಂಪನಿಯ ಹೊಣೆಗೆ ಮೇಲ್ಮಿತಿಯಿಲ್ಲ. ಚಾಲಕನಿಗೆ ಲೈಸೆನ್ಸು ಇಲ್ಲದಿದ್ದ ಪ್ರಸಂಗದಲ್ಲಿಯೂ ಮೊದಲು ಕಂಪನಿಯು ತೆತ್ತು ತರುವಾಯ ಒಡೆಯನಿಂದ ವಸೂಲು ಮಾಡಿಕೊಳ್ಳಬೇಕೆಂಬ ಕ್ರಮವನ್ನು 2004ರ ಸ್ವರಣ್ ಸಿಂಗ್ ತೀರ್ಪು ದೃಢಪಡಿಸಿತು. ಇವೆಲ್ಲವೂ ನ್ಯಾಯವಾದುವೇ ಎಂದು ನಮ್ಮ ಮತ. ಸತ್ತವನ ಬೆಲೆಯನ್ನು ಕಡಿಮೆ ಮಾಡಿ ಗಾಡಿಯವನ ಕಂತನ್ನು ಇಳಿಸಬೇಕೆಂದು ಯಾವ ಸಭ್ಯನೂ ಕೇಳಲಾರನು.

ಹಾಗಾದರೆ ಇಳಿಸತಕ್ಕದ್ದು ಸಾವುಗಳನ್ನೇ ಹೊರತು ಪರಿಹಾರವನ್ನಲ್ಲ. 2022ರಲ್ಲಿ ದೇಶದ ರಸ್ತೆಗಳ ಮೇಲೆ 4,61,312 ಅಪಘಾತಗಳಾಗಿ 1,68,491 ಜನರು ಸತ್ತರೆಂದು ಸರಕಾರದ ವರದಿಯೇ ಹೇಳುತ್ತದೆ. ನಮ್ಮ ರಾಜ್ಯದ ಪಾಲು 11 ಸಾವಿರಕ್ಕೂ ಮಿಕ್ಕಿದುದು. ಇದು ಒಂದು ಯುದ್ಧದ ಲೆಕ್ಕವಲ್ಲದೆ ಮತ್ತೇನು? ಇದನ್ನು ವಿಧಿಯೆಂದು ಹಣೆಗೆ ಕೈಹಚ್ಚಿ ಕೂಡ್ರುವ ಕಾರಣವೂ ಇಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾವಿನ ಮೇಲೆ ಸಾವು ಸಂಭವಿಸಿದಾಗ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ಮಾರ್ಗದಿಂದ ದೂರವಿಟ್ಟು, ವೇಗವನ್ನು ಅಳೆಯುವ ಯಂತ್ರಗಳನ್ನು ಹಾಕಿ, ಪೊಲೀಸರು ಕಣ್ಣಿಟ್ಟ ತರುವಾಯ ಸಾವುಗಳು ಎದ್ದು ಕಾಣುವಷ್ಟು ಇಳಿದುವು. ರಸ್ತೆಯು ಅದೇ, ಗಾಡಿಗಳೂ ಹೆಚ್ಚು ಕಡಿಮೆ ಅವೇ. ಬದಲಾದುದು ಶಿಸ್ತು ಮಾತ್ರ. ವಿಮೆಯ ಕಂತನ್ನು ಇಳಿಸುವ ನಿಜವಾದ ಕಾರಖಾನೆಯು ಇಲ್ಲಿದೆ.

ಆದರೆ ಇಂದಿನ ದರದ ಕೋಷ್ಟಕವು ಶಿಸ್ತಿಗೆ ಬೆಲೆಯನ್ನೇ ಕೊಡುವುದಿಲ್ಲವೆಂಬುದು ನಮ್ಮ ಮುಖ್ಯ ಆಕ್ಷೇಪ. ಮೂರನೆಯವರ ವಿಮೆಯ ದರವು ಎಂಜಿನಿನ ಅಳತೆಯನ್ನು ನೋಡುತ್ತದೆಯೇ ಹೊರತು ಚಕ್ರದ ಹಿಂದೆ ಕುಳಿತವನನ್ನು ನೋಡುವುದಿಲ್ಲ. ಇಪ್ಪತ್ತು ವರ್ಷ ಒಂದು ಕೋಳಿಗೂ ತಗಲಿಸದೆ ಗಾಡಿ ನಡೆಸಿದ ಉಪಾಧ್ಯಾಯನೂ, ವರ್ಷಕ್ಕೆ ಹತ್ತು ಸಾರಿ ಕೆಂಪು ದೀಪವನ್ನು ದಾಟಿ ದಂಡ ತೆತ್ತವನೂ ಒಂದೇ ಅಳತೆಯ ಗಾಡಿಗೆ ಒಂದೇ ಕಂತನ್ನು ಕೊಡುತ್ತಾರೆ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುವವನೂ, ದಿನಕ್ಕೆ ನೂರು ಮೈಲು ಓಡಿಸುವವನೂ ಒಂದೇ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮತದಾರರು 1988ರಲ್ಲಿಯೇ ತಾವೇ ಮತವಿತ್ತು ಒಂದು ನಿಯಮವನ್ನು ಮಾಡಿಕೊಂಡರು: ಚಾಲಕನ ಹಿಂದಿನ ನಡತೆ, ವರ್ಷಕ್ಕೆ ಓಡಿಸುವ ದೂರ, ಓಡಿಸಿದ ವರ್ಷಗಳ ಅನುಭವ, ಇವು ಮೂರೇ ದರಕ್ಕೆ ಮುಖ್ಯ ಆಧಾರಗಳಾಗಿರಬೇಕು, ಮಿಕ್ಕವೆಲ್ಲ ಆಮೇಲೆ. ಯುರೋಪಿನಲ್ಲಿ ಗಂಡು ಹೆಣ್ಣೆಂಬ ಭೇದದಿಂದ ದರವನ್ನು ಬೇರೆ ಮಾಡಕೂಡದೆಂದು ಅಲ್ಲಿಯ ನ್ಯಾಯಾಲಯವು 2011ರಲ್ಲಿ ವಿಧಿಸಿತು. ಮನುಷ್ಯನು ಹುಟ್ಟಿನಿಂದ ಪಡೆದುದಕ್ಕಲ್ಲ, ನಡತೆಯಿಂದ ಗಳಿಸಿದುದಕ್ಕೆ ಬೆಲೆ ತೆರಲಿ ಎಂಬುದೇ ಇವುಗಳ ಹಿಂದಿನ ತತ್ತ್ವ. ಪರದೇಶದ್ದೆಲ್ಲವನ್ನೂ ಅನುಕರಿಸಬೇಕೆಂದು ನಾವು ಹೇಳುವವರಲ್ಲ; ಆದರೆ ಈ ತತ್ತ್ವವು ನಮ್ಮ ಧರ್ಮಬುದ್ಧಿಗೂ ಒಪ್ಪುವಂಥದು.

ಇನ್ನು ಸ್ವಂತ ಗಾಡಿಯ ನಷ್ಟದ ವಿಮೆಗೆ ಬರೋಣ. ಇಲ್ಲಿ ಮೊದಲನೆಯ ಕಾರಣವು ಗಾಡಿಯ ಬೆಲೆ. ಪಾಲಿಸಿಯಲ್ಲಿ ಐ.ಡಿ.ವಿ. ಎಂದು ಬರೆದಿರುವ ಅಂಕಿಯೇ ಅದು. ತಯಾರಕರ ಬೆಲೆಪಟ್ಟಿಯಿಂದ ಸವಕಳಿಯನ್ನು ಕಳೆದು ಅದನ್ನು ಗೊತ್ತುಮಾಡುತ್ತಾರೆ. ಆರು ತಿಂಗಳೊಳಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರು ವರ್ಷದೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50, ಹೀಗೆ ಸವಕಳಿಯ ಕ್ರಮವಿದೆ. ಕಂತು ಕಡಿಮೆಯಾಗಲೆಂದು ಈ ಅಂಕಿಯನ್ನು ಬೇಕೆಂದೇ ಇಳಿಸಿ ಬರೆಯಿಸುವವರುಂಟು. ಗಾಡಿಯು ಕಳುವಾದ ದಿನ ಅಥವಾ ಪೂರ್ತಿ ಜಜ್ಜಿಹೋದ ದಿನ ಕೈಗೆ ಬರುವುದೂ ಅದೇ ಇಳಿದ ಅಂಕಿಯೆಂಬುದನ್ನು ಅವರು ಆಗ ನೆನೆದು ಫಲವಿಲ್ಲ.

ಎರಡನೆಯ ಕಾರಣವು ಊರು. 2002ರ ಅಖಿಲ ಭಾರತ ಮೋಟಾರು ದರಪಟ್ಟಿಯು ದೇಶವನ್ನು ಎರಡು ವಲಯಗಳಾಗಿ ವಿಂಗಡಿಸಿ ಬೆಂಗಳೂರು, ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ಕಲಕತ್ತೆ, ದಿಲ್ಲಿ, ಅಹಮದಾಬಾದುಗಳನ್ನು ಮೊದಲನೆಯ ವಲಯದಲ್ಲಿ ಸೇರಿಸಿತು. 1200 ಸಿ.ಸಿ.ಯ ಹೊಸ ಗಾಡಿಗೆ ಅಲ್ಲಿ ಶೇಕಡಾ 3.283, ಮಿಕ್ಕೆಡೆ 3.191 ದರವಿದ್ದಿತು. ಎಂಟು ಲಕ್ಷದ ಗಾಡಿಯು ಮೂರನೆಯ ವರ್ಷದಲ್ಲಿ 5,60,000 ರೂ.ಗೆ ಇಳಿದಾಗ, ಬೆಂಗಳೂರಿಗೂ ಹಾಸನಕ್ಕೂ ಆ ಲೆಕ್ಕದಿಂದ ಸುಮಾರು 515 ರೂ.ಗಳ ಅಂತರ. ಆ ದರಪಟ್ಟಿಯು 2006ರ ಕೊನೆಗೆ ಕಡ್ಡಾಯವಲ್ಲದಂತಾಯಿತಾದರೂ ಅದರ ನೆರಳು ಇನ್ನೂ ಅಳಿದಿಲ್ಲ. ಜನಸಂದಣಿಯ ಊರಲ್ಲಿ ಗೀರು ಜಜ್ಜುಗಳು ಹೆಚ್ಚು, ಕಳವು ಹೆಚ್ಚು, ದುರಸ್ತಿಯ ಕೂಲಿ ಹೆಚ್ಚು. ಆದುದರಿಂದ ಈ ಭೇದವು ಸಕಾರಣವಾದುದೇ. ಗಾಡಿಯ ಬಿಡಿಭಾಗಗಳು ದುಬಾರಿಯಾದಷ್ಟೂ ಕಂತು ಏರುತ್ತದೆ. ಒಂದು ಕಾಲಕ್ಕೆ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡುತ್ತಿದ್ದ ಮುಂಭಾಗದ ಬಂಪರಿನೊಳಗೆ ಇಂದು ನಾನಾ ಯಂತ್ರಗಳು ಅಡಗಿರುವುದರಿಂದ ಚಿಕ್ಕ ತಾಕಲಾಟವೂ ದೊಡ್ಡ ಖರ್ಚಾಗಿ ಪರಿಣಮಿಸಿದೆ.

ಮೂರನೆಯದು ಒಡೆಯನ ನಡತೆಯು ಲೆಕ್ಕಕ್ಕೆ ಬರುವ ಏಕಮಾತ್ರ ಹಳೆಯ ಬಾಬು: ನೋ ಕ್ಲೇಮ್ ಬೋನಸ್. ಪರಿಹಾರವನ್ನು ಕೇಳದೆ ಒಂದು ವರ್ಷ ಕಳೆದರೆ ಶೇಕಡಾ 20, ಎರಡಾದರೆ 25, ಮೂರಾದರೆ 35, ನಾಲ್ಕಾದರೆ 45, ಐದಾದರೆ 50ರಷ್ಟು ಸ್ವಂತ ನಷ್ಟದ ಕಂತಿನಲ್ಲಿ ಬಿಟ್ಟುಕೊಡುತ್ತಾರೆ. ಇದು ಗಾಡಿಗೆ ಅಂಟಿದುದಲ್ಲ, ಒಡೆಯನಿಗೆ ಅಂಟಿದುದು. ಗಾಡಿಯನ್ನು ಮಾರಿದರೂ ಪ್ರಮಾಣಪತ್ರವನ್ನು ಪಡೆದು ಹೊಸ ಗಾಡಿಗೆ ಒಯ್ಯಬಹುದು. ಮಾರಿದವರೆಷ್ಟೋ ಜನ ಇದನ್ನರಿಯದೆ ಬಿಟ್ಟುಕೊಡುತ್ತಾರೆ. ಪಾಲಿಸಿಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಇದೆಲ್ಲವೂ ಹೋಯಿತು. ಬೋನಸ್ಸಿಲ್ಲದೆ 12,000 ರೂ. ಆಗುವ ಕಂತನ್ನು ಐದು ವರ್ಷದ ಸಂಯಮದಿಂದ 6,000ಕ್ಕೆ ಇಳಿಸಿಕೊಂಡವನು ನಾಲ್ಕು ಸಾವಿರದ ಗೀರಿಗಾಗಿ ಪರಿಹಾರ ಕೇಳಿದರೆ, ಪಡೆದುದಕ್ಕಿಂತ ಕಳೆದುಕೊಂಡುದೇ ಹೆಚ್ಚು. ಲೆಕ್ಕ ಬಲ್ಲವರು ಇದನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ಇವುಗಳ ಮೇಲೆ ಹೆಚ್ಚುವರಿ ರಕ್ಷಣೆಗಳೆಂಬ ಒಂದು ಮಾಲೆಯೇ ಉಂಟು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆ ಮಾತ್ರ ದೊರೆಯುತ್ತದೆ. ಪೂರ್ತಿ ಬೇಕೆಂದರೆ ಸವಕಳಿಯಿಲ್ಲದ ರಕ್ಷಣೆಗೆ ಬೇರೆ ಹಣ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ನೀರಿನಲ್ಲಿ ಮುಳುಗಿದಾಗ ಅನೇಕರಿಗೆ ಒಂದು ಪಾಠವಾಯಿತು. ಪ್ರವಾಹದ ನಷ್ಟವು ಪಾಲಿಸಿಯಲ್ಲಿ ಸೇರಿದೆ ನಿಜ. ಆದರೆ ನೀರು ಹೊಕ್ಕ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಹೋಗಿ ಅದು ಕೆಟ್ಟರೆ ಅದಕ್ಕೆ ಬೇರೊಂದು ರಕ್ಷಣೆಯನ್ನೇ ಕೊಂಡಿರಬೇಕು. ಕೆರೆಯನ್ನು ಮುಚ್ಚಿ ಬಡಾವಣೆ ಮಾಡಿದ ನಗರದಲ್ಲಿ ಕೆರೆಯ ನೀರು ತನ್ನ ಜಾಗವನ್ನು ಹುಡುಕಿಕೊಂಡು ಬಂದರೆ ಅದರ ಬಾಡಿಗೆಯನ್ನು ಗಾಡಿಯವರು ವಿಮೆಯ ರೂಪದಲ್ಲಿ ತೆರಬೇಕಾಗಿ ಬಂದಿದೆ. ನಗರಸಭೆಯ ತಪ್ಪು ಕಂತಿನಲ್ಲಿ ಕಾಣಿಸಿಕೊಳ್ಳುವ ಬಗೆ ಇದು.

ಇನ್ನೊಂದು ಕಾರಣವು ಮಾರಾಟದ ಖರ್ಚು. ವಿಮಾ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಪ್ರತಿಯೊಂದು ಬಗೆಯ ಕಮಿಷನ್ನಿಗೂ ಇದ್ದ ಪ್ರತ್ಯೇಕ ಮಿತಿಯನ್ನು ತೆಗೆದು, ಸಾಮಾನ್ಯ ವಿಮಾ ಕಂಪನಿಗಳ ಒಟ್ಟು ಆಡಳಿತ ವೆಚ್ಚವು ಕಂತಿನ ಶೇಕಡಾ 30ನ್ನು ಮೀರಬಾರದೆಂದಷ್ಟೇ ವಿಧಿಸಿತು. ಎಂದರೆ ನೂರು ರೂಪಾಯಿಯಲ್ಲಿ ಮೂವತ್ತರವರೆಗೆ ಕಚೇರಿಗೂ ದಳ್ಳಾಳಿಗೂ ಹೋಗಬಹುದು. ಗಾಡಿಯನ್ನು ಮಾರುವ ಅಂಗಡಿಯಲ್ಲಿಯೇ ವಿಮೆಯನ್ನೂ ಮಾಡಿಸಬೇಕೆಂಬ ಒತ್ತಾಯವು ಗ್ರಾಹಕರಿಗೆ ಹೊಸದಲ್ಲ. ಇಂಥ ಒತ್ತಾಯಕ್ಕೆ ಕಾಯದೆಯ ಬೆಂಬಲವಿಲ್ಲ. ಸ್ವದೇಶಿ ಚಳವಳಿಯ ದಿನಗಳಲ್ಲಿ, 1906ರಲ್ಲಿ, ಕಲಕತ್ತೆಯಲ್ಲಿ ನ್ಯಾಷನಲ್ ಇನ್ಶುರೆನ್ಸ್ ಹುಟ್ಟಿತು; 1919ರಲ್ಲಿ ದೋರಾಬ್ಜಿ ಟಾಟಾರವರು ನ್ಯೂ ಇಂಡಿಯಾ ಕಂಪನಿಯನ್ನು ಕಟ್ಟಿದರು. ನಮ್ಮ ಜನರ ಉಳಿತಾಯವು ನಮ್ಮಲ್ಲಿಯೇ ಉಳಿಯಲೆಂಬುದು ಅವರ ಹಂಬಲವಾಗಿದ್ದಿತು. 1973ರ ಜನವರಿ 1ರಿಂದ 107 ಕಂಪನಿಗಳು ರಾಷ್ಟ್ರೀಕೃತವಾಗಿ ನಾಲ್ಕರಲ್ಲಿ ಅಡಗಿದುವು. 2000ದಿಂದ ಮತ್ತೆ ಖಾಸಗಿಯವರಿಗೆ ಬಾಗಿಲು ತೆರೆಯಿತು. ಪರದೇಶದ ಬಂಡವಾಳದ ಮಿತಿಯು 2021ರಲ್ಲಿ ಶೇಕಡಾ 74ಕ್ಕೆ ಏರಿತು. 2025ರ ಮುಂಗಡಪತ್ರದಲ್ಲಿ ಅದನ್ನು ನೂರಕ್ಕೆ ಏರಿಸುವುದಾಗಿ ಸಾರಲಾಯಿತು. ಪೈಪೋಟಿಯಿಂದ ಸ್ವಂತ ನಷ್ಟದ ವಿಮೆಯಲ್ಲಿ ರಿಯಾಯತಿಗಳು ಬಂದಿರುವುದು ನಿಜ. ಆದರೆ ಕಡ್ಡಾಯವಾದ ವಿಮೆಯನ್ನು ಬಂಡವಾಳಗಾರನ ಲಾಭಕ್ಕೆ ಮಾತ್ರ ಬಿಟ್ಟುಕೊಡದಂತೆ ಎಚ್ಚರವಿರಬೇಕಾದುದು ಸರಕಾರದ ಕರ್ತವ್ಯ.

ಎಲ್ಲಕ್ಕಿಂತ ನಾಚಿಕೆಗೇಡಿನ ಕಾರಣವು ಬೇರೆಯೇ ಇದೆ. ದೇಶದ ರಸ್ತೆಗಳ ಮೇಲಿನ ಗಾಡಿಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಗಾಡಿಗಳಿಗೆ ವಿಮೆಯೇ ಇಲ್ಲವೆಂದು ಸಂಸತ್ತಿನ ಹಣಕಾಸು ಸ್ಥಾಯೀ ಸಮಿತಿಯು 2024ರಲ್ಲಿ ಎತ್ತಿ ಹೇಳಿತು. ಇವುಗಳಲ್ಲಿ ಬಹುಪಾಲು ದ್ವಿಚಕ್ರಗಳು. ಎರಡು ಗಾಡಿಗಳ ತಪ್ಪಿನಿಂದ ಮೂರನೆಯವನೊಬ್ಬನು ಸತ್ತಾಗ ಪೂರ್ತಿ ಪರಿಹಾರವನ್ನು ಅವೆರಡರಲ್ಲಿ ಯಾರೊಬ್ಬರಿಂದಲಾದರೂ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಹೇಳಿದೆ. ಎಂದ ಮೇಲೆ ವಿಮೆಯಿಲ್ಲದವನ ಪಾಲೂ ವಿಮೆಯುಳ್ಳವನ ಕಂಪನಿಯ ಮೇಲೆಯೇ ಬೀಳುತ್ತದೆ. ಗುದ್ದಿದ ಗಾಡಿಗೆ ವಿಮೆಯಿಲ್ಲವೆಂದು ವಿಮೆಯುಳ್ಳ ಬೇರೊಂದು ಗಾಡಿಯನ್ನು ತಂದು ನಿಲ್ಲಿಸುವ ಮೋಸವೂ ಇದರ ಮರಿಯೇ. ಇಂಥ ಸುಳ್ಳು ಅರ್ಜಿಗಳ ತನಿಖೆಗೆ ಉತ್ತರ ಪ್ರದೇಶದಲ್ಲಿ 2015ರಲ್ಲಿ ವಿಶೇಷ ದಳವನ್ನೇ ನೇಮಿಸಬೇಕಾಯಿತು. ಹೀಗೆ ನಿಯಮವನ್ನು ಪಾಲಿಸುವವನು ಪಾಲಿಸದವನ ಸಾಲವನ್ನು ತೀರಿಸುತ್ತಿರುವನು. ಗುದ್ದಿದವನಿಗೆ ವಿಮೆಯೂ ಇಲ್ಲ, ಆಸ್ತಿಯೂ ಇಲ್ಲವೆಂದಾದರೆ ಸತ್ತವನ ಸಂಸಾರಕ್ಕೆ ಬರಿಯ ತೀರ್ಪಿನ ಕಾಗದವೇ ಗತಿ. 2019ರ ತಿದ್ದುಪಡಿಯಿಂದ ಮೊದಲ ತಪ್ಪಿಗೆ 2,000 ರೂ., ಎರಡನೆಯದಕ್ಕೆ 4,000 ರೂ. ದಂಡವೂ, ಮೂರು ತಿಂಗಳವರೆಗಿನ ಸೆರೆಯೂ ಗೊತ್ತಾಗಿವೆ. ಆದರೆ ಸಿಕ್ಕಿಬೀಳುವ ಭಯವೇ ಇಲ್ಲದಲ್ಲಿ ದಂಡವು ಕಾಗದದ ಹುಲಿ.

ಆದುದರಿಂದ ನಾವು ಸೂಚಿಸುವುದಿಷ್ಟು. ಮೊದಲನೆಯದಾಗಿ, ಗಾಡಿಗಳ ನೋಂದಣಿಯೂ ಪಾಲಿಸಿಗಳ ದಾಖಲೆಯೂ ಸರಕಾರದ ಗಣಕಯಂತ್ರಗಳಲ್ಲಿಯೇ ಇರುವಾಗ, ವಿಮೆ ತೀರಿದ ಗಾಡಿಯ ಒಡೆಯನಿಗೆ ತಾನಾಗಿಯೇ ಎಚ್ಚರಿಕೆಯ ಪತ್ರವೂ ತರುವಾಯ ದಂಡವೂ ಹೋಗುವಂತೆ ಆಗಬೇಕು. ಎರಡನೆಯದಾಗಿ, ಕಡ್ಡಾಯವಾದ ಮೂರನೆಯವರ ವಿಮೆಯ ಮೇಲೆ ತೆರಿಗೆ ಹಾಕುವುದು ಧರ್ಮದ ಹುಂಡಿಗೆ ಸುಂಕ ಹಾಕಿದಂತೆ. 3,416 ರೂ.ಗಳ ಕಂತಿನ ಮೇಲೆ 615 ರೂ.ಗಳಷ್ಟು ತೆರಿಗೆಯಾಗುತ್ತದೆ. ಸರಕು ಸಾಗಿಸುವ ಗಾಡಿಗಳ ಇದೇ ವಿಮೆಗೆ 2025ರಲ್ಲಿ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದ ಸರಕಾರವು ಜನಸಾಮಾನ್ಯರ ಕಾರು ಬೈಕುಗಳಿಗೂ ಅದೇ ನ್ಯಾಯವನ್ನು ಕೊಡಲೇಕೆ ಹಿಂಜರಿಯಬೇಕು? ಕಂತು ಇಳಿದರೆ ವಿಮೆ ಮಾಡಿಸುವವರ ಸಂಖ್ಯೆಯೂ ಏರೀತು. ಮೂರನೆಯದಾಗಿ, ದರವು ಚಾಲಕನ ನಡತೆಯನ್ನು ಅನುಸರಿಸಲಿ. ಓಡಿದ ದೂರ ಮತ್ತು ಓಡಿಸುವ ರೀತಿಯ ಮೇಲೆ ಸ್ವಂತ ನಷ್ಟದ ಕಂತನ್ನು ಹಾಕಲು ಪ್ರಾಧಿಕಾರವು 2022ರ ಜುಲೈಯಲ್ಲಿ ಅನುಮತಿಯಿತ್ತಿತು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಗಾಡಿಯಲ್ಲಿಟ್ಟ ಯಂತ್ರವು ಒಡೆಯನು ಎಲ್ಲಿಗೆ ಹೋದನು, ಎಷ್ಟು ಹೊತ್ತಿಗೆ ಬಂದನು ಎಂಬ ಗೂಢಚಾರಿಕೆಗೆ ಬಳಕೆಯಾಗದಂತೆ ಬಲವಾದ ಕಟ್ಟು ಬೇಕು. ಅಂಥ ಯಂತ್ರವೇ ಇಲ್ಲದೆಯೂ ಪೊಲೀಸರ ದಂಡದ ದಾಖಲೆಯನ್ನು ಮೂರನೆಯವರ ವಿಮೆಗೆ ಜೋಡಿಸಬಹುದು. ದಾಖಲೆಯು ತಪ್ಪಾಗಿದ್ದರೆ ಅದನ್ನು ಸುಲಭವಾಗಿ ಪ್ರಶ್ನಿಸುವ ಹಾದಿಯೂ ಜೊತೆಗೇ ಇರಬೇಕು. ನಾಲ್ಕನೆಯದಾಗಿ, ಜಿಲ್ಲೆವಾರು ಎಷ್ಟು ಕಂತು ಬಂದಿತು, ಎಷ್ಟು ಪರಿಹಾರ ಹೋಯಿತು ಎಂಬ ಲೆಕ್ಕವು ವರ್ಷವರ್ಷವೂ ಸಾರ್ವಜನಿಕರ ಮುಂದೆ ಬರಲಿ. ದರವನ್ನು ಗೊತ್ತುಮಾಡುವ ಹಕ್ಕು ಸರಕಾರಕ್ಕಿದ್ದರೆ ಅದರ ಆಧಾರವನ್ನು ಕೇಳುವ ಹಕ್ಕು ತೆರುವವನಿಗಿದೆ.

ಗಾಡಿಯ ಒಡೆಯರಿಗೂ ಒಂದು ಮಾತು. ಕಂತು ದುಬಾರಿಯಾಯಿತೆಂದು ಸರಕಾರವನ್ನು ದೂರುವ ಕೈಯೇ ಮದ್ಯ ಕುಡಿದು ಚಕ್ರವನ್ನು ಹಿಡಿದರೆ, ಹದಿನಾರರ ಮಗನಿಗೆ ಕೀಲಿಯನ್ನು ಕೊಟ್ಟರೆ, ಆ ದೂರಿಗೆ ಬೆಲೆಯಿಲ್ಲ. ರಸ್ತೆಯ ಮೇಲೆ ಬಿದ್ದ ಪ್ರತಿಯೊಂದು ಹೆಣದ ಲೆಕ್ಕವೂ ಮರುವರ್ಷದ ದರಪಟ್ಟಿಯಲ್ಲಿ ನಮ್ಮೆಲ್ಲರ ಹೆಸರಿಗೆ ಬರೆಯಲ್ಪಡುತ್ತದೆ. ಸರಕಾರವು ತೆರಿಗೆಯಲ್ಲಿ ನ್ಯಾಯವನ್ನೂ ರಸ್ತೆಯಲ್ಲಿ ಶಿಸ್ತನ್ನೂ ತರಲಿ. ಕಂಪನಿಗಳು ಲೆಕ್ಕವನ್ನು ಬಿಚ್ಚಿಡಲಿ. ಪೌರರು ಸಂಯಮವನ್ನು ಕಲಿಯಲಿ. ಈ ಮೂರೂ ಕೂಡಿಬಂದಲ್ಲದೆ ಕಂತಿನ ಭಾರವು ಇಳಿಯಲಾರದು. ಮೂವರಲ್ಲಿ ಒಬ್ಬರು ತಪ್ಪಿದರೂ ಅದರ ಬೆಲೆಯನ್ನು ಕೊನೆಗೆ ತೆರುವವನು ಬೀದಿಯಂಚಿನಲ್ಲಿ ನಡೆದು ಹೋಗುವ ಬಡವನೇ ಆಗಿರುತ್ತಾನೆ.